ಪಾಠದ ವಿಡಿಯೋ ಅರ್ಧಕ್ಕೇ ನಿಲ್ಲಿಸುತ್ತಾರೆ, ಏನು ಮಾಡೋದು?

ಪ್ರಶ್ನೆ: ಹತ್ತನೇ ತರಗತಿಗೆ ಬೆಳಕಿನ ಪಾಠದ ವಿಡಿಯೋ ಮಾಡುತ್ತಿದ್ದೇನೆ. ಸ್ಲೈಡಿನಲ್ಲಿ ಎಲ್ಲಾ ಬರೆದು ಅದನ್ನೇ ಓದುತ್ತೇನೆ. ಒಂದೊಂದೂ 40 ನಿಮಿಷ. ಮಕ್ಕಳು ಪೂರ್ತಿ ನೋಡುವುದೇ ಇಲ್ಲ. ಅನುಭವ ಇದ್ದವರು ಹೇಳಿ.

ಉತ್ತರ: ಸರ್, ಮೊದಲು ಆ ಓದುವುದನ್ನು ಬಿಡಿ. ನೀವು ಹೇಳುವ ಸಾಲೇ ಪರದೆ ಮೇಲೂ ಇದ್ದರೆ ಮಕ್ಕಳ ಕಣ್ಣು ಮುಂದೆ ಓಡುತ್ತದೆ, ಕಿವಿ ಹಿಂದೆ ಉಳಿಯುತ್ತದೆ, ಚಿತ್ರ ನೋಡಲು ಯಾರಿಗೂ ಪುರಸೊತ್ತಿಲ್ಲ. ಕ್ಯಾಲಿಫೋರ್ನಿಯಾದ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್ ವರ್ಷಗಟ್ಟಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಚಿತ್ರ, ಜೊತೆಗೆ ಮಾತು, ಅಷ್ಟು ಸಾಕು. ನಾನು ಪೀನ ಮಸೂರದ ಪಾಠಕ್ಕೆ ಖಾಲಿ ಹಾಳೆ ಇಟ್ಟು, ಫೋನನ್ನು ಮೇಲಿಂದ ಸ್ಟ್ಯಾಂಡಿಗೆ ಸಿಕ್ಕಿಸಿ, ಬರೆಯುತ್ತಾ ಹೇಳುತ್ತೇನೆ. ಪ್ರಧಾನಾಕ್ಷಕ್ಕೆ (ಮಸೂರದ ನಡುವೆ ಹಾದುಹೋಗುವ ನೇರ ಗೆರೆಗೆ) ಸಮಾಂತರವಾಗಿ ಬರುವ ಕಿರಣ ಎಳೆಯುವಾಗ ಅದರ ಮಾತು ಮಾತ್ರ. ಅದು ಬಾಗಿ ಸಂಗಮದ (ಅಂಥ ಸಮಾಂತರ ಕಿರಣಗಳು ಸೇರುವ ಬಿಂದು, ಫೋಕಸ್) ಮೂಲಕ ಹೋದ ಮೇಲೇ ಎರಡನೆಯದು, ಮಸೂರದ ನಡುವಿನಿಂದ ನೇರ ಹೋಗುವುದು. ‘ಸಂಗಮ’ ಅಂತ ಆ ಚುಕ್ಕೆ ಪಕ್ಕದಲ್ಲೇ ಬರೆಯಿರಿ. ಹೊಸ ಪದ ಕಣ್ಣಿಗೆ ಬೀಳಲೇಬೇಕು, ಪರೀಕ್ಷೆಯಲ್ಲಿ ಅದನ್ನೇ ತಪ್ಪು ಬರೆಯುತ್ತಾರೆ ಅಲ್ವಾ? ಹಿನ್ನೆಲೆ ಸಂಗೀತ ಮಾತ್ರ ದಯವಿಟ್ಟು ಬೇಡ.

ಇನ್ನೊಬ್ಬರು: ಉದ್ದದ ಬಗ್ಗೆ ಒಂದು ಮಾತು. ಎಡ್ಎಕ್ಸ್ ಎಂಬ ಆನ್‌ಲೈನ್ ಕಲಿಕೆ ತಾಣದ ಕೋರ್ಸುಗಳ ವಿಡಿಯೋ ಬಗ್ಗೆ 2014ರಲ್ಲಿ ಬಂದ ಅಧ್ಯಯನದಲ್ಲಿ, ವಿಡಿಯೋ ಎಷ್ಟೇ ಉದ್ದ ಇದ್ದರೂ ಜನ ಸಾಮಾನ್ಯವಾಗಿ ನೋಡಿದ್ದು ಹೆಚ್ಚೆಂದರೆ 6 ನಿಮಿಷ. ಹಾಗಂತ ಗಡಿಯಾರ ನೋಡಿ ಕತ್ತರಿ ಹಾಕಬೇಡಿ, ವಿವರಣೆ ಅರ್ಧಕ್ಕೆ ತುಂಡಾದರೆ ಅದು ಇನ್ನೂ ಕೆಟ್ಟದು. ಒಂದು ವಿಡಿಯೋಗೆ ಒಂದೇ ಪ್ರಶ್ನೆ ಇರಲಿ: ವಸ್ತು ಸಂಗಮಕ್ಕಿಂತ ಹತ್ತಿರ ಬಂದರೆ ಪ್ರತಿಬಿಂಬ ಎಲ್ಲಿ? ಉತ್ತರ ಹೇಳುವ ಮುಂಚೆ ‘ಇಲ್ಲಿ ನಿಲ್ಲಿಸಿ, ನೀವೇ ಎಳೆದು ನೋಡಿ’ ಅನ್ನಿ. ವಸ್ತುವನ್ನು ಅತ್ತಿತ್ತ ಸರಿಸಿ ನೋಡಲು ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್ (ಪರದೆ ಮೇಲೇ ಮಾಡಿ ನೋಡುವ ಪ್ರಯೋಗ) ಇದೆ, ಉಚಿತ.

ಮತ್ತೊಬ್ಬರು: ಯಾರೂ ಧ್ವನಿ ಬಗ್ಗೆ ಹೇಳಲೇ ಇಲ್ವಲ್ಲ! ಚಿತ್ರ ಸ್ವಲ್ಪ ಮಸುಕಾದರೆ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಇಲ್ಲ. ಫ್ಯಾನ್ ಆರಿಸಿ, ಕಾಲರ್ ಮೈಕ್ ಹಾಕಿಕೊಳ್ಳಿ.

ಮಗದೊಬ್ಬರು: ನಮ್ಮ ಕಡೆ ಮಕ್ಕಳ ಕೈಗೆ ಫೋನ್ ಸಿಗುವುದೇ ಅಪ್ಪ ಕೆಲಸದಿಂದ ಬಂದ ಮೇಲೆ, ಅಷ್ಟೊತ್ತಿಗೆ ಡೇಟಾ ಖಾಲಿ. ಫೈಲ್ ಚಿಕ್ಕದಿರಲಿ. ದಪ್ಪ ಸ್ಕೆಚ್ ಪೆನ್ನಲ್ಲಿ ಬರೆದು, ಲ್ಯಾಪ್‌ಟಾಪಲ್ಲಿ ಅಲ್ಲ, ಸಣ್ಣ ಫೋನಲ್ಲೇ ನೋಡಿ, ಆಮೇಲೆ ಕಳಿಸಿ. ಕೆಂಪು-ಹಸಿರಿನ ವ್ಯತ್ಯಾಸ ಕೆಲವು ಮಕ್ಕಳಿಗೆ ಕಾಣುವುದಿಲ್ಲ, ಬರೀ ಬಣ್ಣದಿಂದ ಕಿರಣ ಬೇರೆ ಮಾಡಬೇಡಿ. ಚುಕ್ಕೆ ಗೆರೆಯೂ ಬೇಡ, ಅದು ಮಿಥ್ಯ ಪ್ರತಿಬಿಂಬಕ್ಕೆ (ಪರದೆ ಮೇಲೆ ಹಿಡಿಯಲಾಗದ ಪ್ರತಿಬಿಂಬಕ್ಕೆ) ಬೇಕಾಗುತ್ತದೆ. ಬಾಣದ ಪಕ್ಕ 1, 2 ಅಂತ ಬರೆದುಬಿಡಿ.