ಪದಚರ್ಚೆ: ‘ಹಿಂದೆ ನಿಲ್ಲಬೇಕು’ ಎಂದರೆ ಯಾರು, ಯಾರ ಹಿಂದೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ತುಮಕೂರಿನಿಂದ ನಮಸ್ಕಾರ.

ನನ್ನ ಅಕ್ಕನ ಮಗ ಮತ್ತು ಅವನ ಜೊತೆಗಾರರು ಸೇರಿ ಹತ್ತು ಮಂದಿ, ವಾರದಲ್ಲಿ ಎರಡು ರಾತ್ರಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದಲ್ಲಿ ಒಟ್ಟಾಗಿ ಕಾದುತ್ತಾರೆ. ಆರು ಮಂದಿ ತುಮಕೂರಿನವರೇ. ಗುಬ್ಬಿಯ ಹುಡುಗರು ಇಬ್ಬರು, ಶಿರಾದ ಹುಡುಗಿ ಒಬ್ಬಳು, ಮನೆಮಾತು ತೆಲುಗಾಗಿರುವ ಪಾವಗಡದ ಹುಡುಗ ಒಬ್ಬ. ಇಂಥ ಕಾಳಗಗಳಿಗೆ ಇಂಗ್ಲಿಷಿನಲ್ಲಿ ಬರೆದ ಗೈಡುಗಳು ಬೇಕಾದಷ್ಟಿದ್ದರೂ ಓದುವಾಗ ಅರ್ಥವಾದದ್ದು ಕಾಳಗದ ನಡುವೆ ನೆನಪಿಗೆ ಬರುವುದಿಲ್ಲವೆಂದೂ, ಹೆಡ್‌ಫೋನಿನಲ್ಲಿ ತಾವು ಕೂಗಿಕೊಳ್ಳುವುದೆಲ್ಲ ಕನ್ನಡದಲ್ಲೇ ಆದ್ದರಿಂದ ಓದುವುದೂ ಕನ್ನಡದಲ್ಲೇ ಇರಲೆಂದೂ ಅವರು ಕೇಳಿದರು. ಪದವಿಪೂರ್ವ ತರಗತಿಗೆ ಕನ್ನಡ ಪಾಠ ಹೇಳುವ ನಾನು ಒಪ್ಪಿಕೊಂಡು ಎರಡು ಪುಟ ಬರೆದುಕೊಟ್ಟೆ. ಆ ಎರಡು ಪುಟಗಳಲ್ಲಿ ಭಾಷೆ ಕೈಕೊಟ್ಟ ಜಾಗಗಳನ್ನು ನಿಮ್ಮ ಮುಂದಿಟ್ಟು ಸಲಹೆ ಕೇಳುವುದು ಈ ಪತ್ರದ ಉದ್ದೇಶ.

ಆಟ ತಿಳಿಯದವರಿಗಾಗಿ ಒಂದೆರಡು ಮಾತು. ಈ ಆಟ ಬಂದದ್ದು 2004ರ ನವೆಂಬರಿನಲ್ಲಿ. ಅದರಲ್ಲಿ ಒಬ್ಬಿಬ್ಬರಿಂದ ಆಗದ ದೊಡ್ಡ ಕಾಳಗಗಳಿಗೆ ರೇಡ್ ಎನ್ನುತ್ತಾರೆ. ಒನಿಕ್ಸಿಯಾ ಎಂಬ ಹೆಣ್ಣು ಡ್ರ್ಯಾಗನ್ನಿನ ಗುಹೆಯಲ್ಲಿ ನಡೆಯುವ ರೇಡು ಮೊದಲಿಗೆ 40 ಜನರದ್ದಾಗಿತ್ತು. 2009ರಲ್ಲಿ ಅದನ್ನು 10 ಅಥವಾ 25 ಜನರ ತಂಡಕ್ಕೆ ತಕ್ಕಂತೆ ಮಾರ್ಪಡಿಸಿದರು. ತಂಡದಲ್ಲಿ ಕೆಲಸ ಮೂರು ಬಗೆ: ಶತ್ರುವಿನ ಏಟನ್ನು ತಾನೇ ತಡೆದುಕೊಳ್ಳುವ ಟ್ಯಾಂಕ್, ಗಾಯ ಮಾಯಿಸುವ ಹೀಲರ್, ಏಟು ಕೊಡುವ ಉಳಿದವರು. ಈ ಹೆಸರುಗಳನ್ನು ಕನ್ನಡಿಸಲು ನಾನು ಹೋಗಲಿಲ್ಲ. ಹೀಲರನ್ನು ವೈದ್ಯನೆಂದರೆ ಆಸ್ಪತ್ರೆ ನೆನಪಾಗುತ್ತದೆ. ಟ್ಯಾಂಕನ್ನು ಗುರಾಣಿಯೆಂದು ಕರೆಯೋಣವೆಂದರೆ ಅವನ ಕೈಯಲ್ಲಿ ಬೇರೆ ಒಂದು ಗುರಾಣಿ ಇರುತ್ತದೆ. ಹೆಸರುಗಳು ಇದ್ದಂತೆಯೇ ಇರಲಿ, ಕನ್ನಡ ಗಟ್ಟಿಯಾಗಿ ನಿಲ್ಲಬೇಕಾದದ್ದು ಕ್ರಿಯಾಪದದಲ್ಲಿ, ದಿಕ್ಕಿನಲ್ಲಿ, ಹೊತ್ತಿನಲ್ಲಿ ಎಂಬುದು ನನ್ನ ಅಭಿಪ್ರಾಯ.

ಒನಿಕ್ಸಿಯಾಳ ಕಾಳಗಕ್ಕೆ ಮೂರು ಹಂತಗಳಿವೆ. ಮೊದಲ ಹಂತದಲ್ಲಿ ಅವಳು ನೆಲದ ಮೇಲಿದ್ದು, ಎದುರಿಗಿದ್ದವರ ಮೇಲೆ ಬೆಂಕಿ ಉಗುಳುತ್ತಾಳೆ, ಬೆನ್ನ ಹಿಂದಿದ್ದವರನ್ನು ಬಾಲದಿಂದ ಬೀಸಿ ಎಸೆಯುತ್ತಾಳೆ. ಎಸೆದ ರಭಸಕ್ಕೆ ಗುಹೆಯ ಅಂಚಿನ ಮೊಟ್ಟೆಗಳ ನಡುವೆ ಹೋಗಿ ಬಿದ್ದರೆ ಮೊಟ್ಟೆಯೊಡೆದು ಮರಿಗಳು ಇಡೀ ತಂಡದ ಮೇಲೆ ಏರಿ ಬರುತ್ತವೆ. ಅವಳ ಪ್ರಾಣಶಕ್ತಿ ಶೇ 65ಕ್ಕೆ ಇಳಿದಾಗ ಮೇಲಕ್ಕೆ ಹಾರುತ್ತಾಳೆ, ಶೇ 40ಕ್ಕೆ ಇಳಿದಾಗ ಮತ್ತೆ ನೆಲಕ್ಕೆ ಬರುತ್ತಾಳೆ. ಮೊದಲ ಹಂತಕ್ಕೆ ನಾನು ಬರೆದ ಸಾಲು ಇದು: ‘ಟ್ಯಾಂಕ್ ಮುಂದೆ ಹೋಗಿ ಡ್ರ್ಯಾಗನ್ನಿನ ಗಮನ ಸೆಳೆಯುವವರೆಗೆ ಉಳಿದವರು ಹಿಂದೆ ನಿಲ್ಲಬೇಕು.’

ಆ ಶನಿವಾರ ರಾತ್ರಿ ಅಕ್ಕನ ಮಗನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನಾನೂ ನೋಡುತ್ತಿದ್ದೆ. ಮೂವರು ಗುಹೆಯ ಬಾಯಿಯ ಹತ್ತಿರ ತಡೆದು ನಿಂತರು. ನಾಲ್ವರು ಡ್ರ್ಯಾಗನ್ನಿನ ಮಗ್ಗುಲಲ್ಲೇ ಓಡಿ ಹೋಗಿ ಅದರ ಬೆನ್ನ ಹಿಂದೆ ನಿಂತರು. ಬಾಲ ಒಂದು ಸಲ ಬೀಸಿತು. ಇಬ್ಬರು ಮೊಟ್ಟೆಗಳ ನಡುವೆ ಹೋಗಿ ಬಿದ್ದರು. ಹೀಲರ್ ಆಗಿದ್ದ ಶಿರಾದ ಹುಡುಗಿಯ ಮೇಲೆ ಮರಿಗಳು ಮುತ್ತಿಕೊಂಡವು. ತಂಡ ಪೂರಾ ಮಲಗಿತು. ‘ಸಾರ್, ಹಿಂದೆ ಅಂತ ಬರ್ದಿದ್ರಲ್ಲ, ಅದಕ್ಕೇ ಅದರ ಹಿಂದಕ್ಕೆ ಹೋದೆ’ ಎಂದ ಪಾವಗಡದ ಹುಡುಗ. ‘ನಾನು ಹಿಂದಕ್ಕೆ ಬಂದು ನಿಂತ್ಕಳೋದು ಅನ್ಕಂಡೆ’ ಎಂದ ಗುಬ್ಬಿಯವನು. ಇಬ್ಬರೂ ಓದಿದ್ದು ಸರಿಯಾಗಿಯೇ. ಈ ಆಟದ ಬಹುಪಾಲು ಕಾಳಗಗಳಲ್ಲಿ ಕತ್ತಿ ಹಿಡಿದವರು ಶತ್ರುವಿನ ಬೆನ್ನ ಹಿಂದೆ ನಿಲ್ಲುವುದೇ ರೂಢಿಯಾದ್ದರಿಂದ, ಪಾವಗಡದವನ ಓದೇ ಹೆಚ್ಚು ಸಹಜವಾದದ್ದು ಎಂದೂ ಹೇಳಬಹುದು.

ಹೀಗಾಗಿ ಮೊದಲನೆಯ ಪ್ರಶ್ನೆ ‘ಹಿಂದೆ’ ಮತ್ತು ‘ಮುಂದೆ’ಗಳದ್ದು. ಕನ್ನಡದ ‘ಹಿಂದೆ’ಗೆ ಬೆನ್ನ ಕಡೆ, ದೂರ, ಆಮೇಲೆ, ಬಹಳ ಕಾಲದ ಕೆಳಗೆ ಎಂಬ ಅರ್ಥಗಳೆಲ್ಲ ಇವೆ; ಯಾವುದರ ಹಿಂದೆ ಎಂಬ ಷಷ್ಠೀ ವಿಭಕ್ತಿಯ ಪದವನ್ನು ಬಿಟ್ಟುಬಿಟ್ಟರೆ ಓದುಗ ತನಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾನೆ. ನಾನೀಗ ‘ಹಿಂದೆ’ಯನ್ನು ಪೂರ್ತಿ ಕೈಬಿಟ್ಟು ಮೂರು ಪದಗಳನ್ನು ಹಂಚಿಕೊಂಡಿದ್ದೇನೆ: ಶತ್ರುವಿನ ಬೆನ್ನ ಕಡೆಗೆ ‘ಬೆನ್ನಿಗೆ’, ಪಕ್ಕಕ್ಕೆ ‘ಮಗ್ಗುಲಿಗೆ’, ದೂರ ಸರಿಯುವುದಕ್ಕೆ ‘ಹಿಮ್ಮೆಟ್ಟು’. ಒನಿಕ್ಸಿಯಾಳ ಕಾಳಗದಲ್ಲಿ ಬೇಕಾದದ್ದು ಮಗ್ಗುಲೇ. ಬಾಯಿಯ ಬೆಂಕಿಯೂ ಬಾಲದ ಬೀಸೂ ತಾಗದ ಜಾಗ ಅದೊಂದೇ. ಆದರೆ ‘ಹಿಮ್ಮೆಟ್ಟು’ ಎಂಬುದರಲ್ಲಿ ಸೋತು ಹಿಂದೆ ಸರಿದ ಛಾಯೆ ಇದೆಯೆಂದು ತಂಡದ ಒಬ್ಬ ಆಕ್ಷೇಪಿಸಿದ್ದಾನೆ, ಅವನ ಮಾತನ್ನು ತಳ್ಳಿಹಾಕಲು ನನಗೆ ಆಗುತ್ತಿಲ್ಲ. ಸೋಲಿನ ನೆರಳಿಲ್ಲದೆ ‘ದೂರ ಸರಿ’ ಎಂಬುದನ್ನು ಒಂದೇ ಉಸಿರಿಗೆ ಹೇಳುವ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೆ?

ಎಡಬಲಗಳ ಕಷ್ಟವೂ ಇದೇ ಬಗೆಯದು. ಡ್ರ್ಯಾಗನ್ನಿಗೆ ಎದುರಾಗಿ ನಿಂತವನ ಬಲ ಡ್ರ್ಯಾಗನ್ನಿಗೆ ಎಡ. ನಮ್ಮ ಹಳ್ಳಿಗಳಲ್ಲಿ ಹೊಲದ ಗುರುತು ಹೇಳುವವರು ಎಡಬಲವನ್ನು ಹೇಳದೆ ಮೂಡಲು, ಪಡುವಲು, ತೆಂಕಲು, ಬಡಗಲು ಎಂದೇ ಹೇಳುತ್ತಿದ್ದರು. ಹೇಳುವವನು ಯಾವ ಕಡೆ ಮುಖ ಮಾಡಿದ್ದರೂ ಆ ಗುರುತು ಕೆಡುವುದಿಲ್ಲ. ಆಟದ ಪರದೆಯ ಮೂಲೆಯ ಪುಟ್ಟ ನಕ್ಷೆಯಲ್ಲಿ ಬಡಗಲು ಮೇಲಕ್ಕಿರುವುದರಿಂದ ಇದನ್ನೇ ಬಳಸೋಣವೆಂದು ನೋಡಿದೆ. ಹುಡುಗರಲ್ಲಿ ಮೂವರಿಗೆ ಮಾತ್ರ ಮೂಡಲು ಯಾವುದು ಪಡುವಲು ಯಾವುದು ಎಂದು ಯೋಚಿಸದೆ ತಿಳಿಯಿತು. ಕೊನೆಗೆ ‘ಗುಹೆಯ ಬಾಯಿಗೆ ಬೆನ್ನು ಕೊಟ್ಟು ನಿಂತಾಗ ಎಡಗೈ ಕಡೆ’ ಎಂದು ಮೊದಲ ಸಾಲಿನಲ್ಲೇ ಒಮ್ಮೆ ಹೇಳಿ, ಮುಂದೆಲ್ಲ ‘ಎಡಗೋಡೆ’, ‘ಬಲಗೋಡೆ’ ಎಂದು ಬರೆದೆ. ಗೋಡೆ ಯಾರ ಜೊತೆಗೂ ತಿರುಗುವುದಿಲ್ಲವಾದ್ದರಿಂದ ಇದು ನಿಂತಿದೆ.

ಇದಕ್ಕಿಂತ ಆಳವಾದ ತೊಡಕು ಕರ್ತೃವಿನದು, ಮತ್ತು ನನಗೆ ನಿಮ್ಮ ನೆರವು ಹೆಚ್ಚು ಬೇಕಾಗಿರುವುದು ಇಲ್ಲಿಯೇ. ಕನ್ನಡದ ವಾಕ್ಯ ಕರ್ತೃವನ್ನು ಬಿಟ್ಟು ನಡೆಯಬಲ್ಲದು. ‘ಕೆಳಗಿಳಿದ ಕೂಡಲೇ ಗೋಡೆಗೆ ಒರಗಿ ನಿಲ್ಲಬೇಕು’ ಎಂಬ ವಾಕ್ಯದಲ್ಲಿ ಇಳಿಯುವವಳು ಡ್ರ್ಯಾಗನ್, ನಿಲ್ಲುವವರು ಆಟಗಾರರು. ವಾಕ್ಯ ಎರಡನ್ನೂ ಹೇಳುವುದಿಲ್ಲ. ಒಬ್ಬರೇ ಓದಿ ಒಬ್ಬರೇ ಮಾಡುವ ಅಡುಗೆಯ ಬರಹದಲ್ಲಿ ಇದರಿಂದ ತೊಂದರೆಯಿಲ್ಲ, ಒಗ್ಗರಣೆ ಹಾಕುವವರು ಯಾರೆಂದು ಯಾರೂ ಕೇಳುವುದಿಲ್ಲ. ಹತ್ತು ಜನ ಓದಿ ಹತ್ತು ಜನ ಬೇರೆ ಬೇರೆ ಕೆಲಸ ಮಾಡಬೇಕಾದ ಬರಹದಲ್ಲಿ ಕರ್ತೃವಿಲ್ಲದ ಪ್ರತಿ ವಾಕ್ಯವನ್ನೂ ಪ್ರತಿಯೊಬ್ಬರೂ ಇನ್ನೊಬ್ಬರದೆಂದು ಓದಿಕೊಳ್ಳುತ್ತಾರೆ. ಡ್ರ್ಯಾಗನ್ನನ್ನು ‘ಅದು’ ಎನ್ನದೆ ‘ಅವಳು’ ಎಂದರೆ ‘ಇಳಿದಳು, ಹಾರಿದಳು’ ಎಂಬಲ್ಲಿ ಕರ್ತೃ ಪ್ರತ್ಯಯದಿಂದಲೇ ಗೊತ್ತಾಗುತ್ತದೆ ಎಂದುಕೊಂಡೆ. ಆದರೆ ‘ಇಳಿದ ಕೂಡಲೇ’ ಎಂಬ ಕೃದಂತಕ್ಕೆ ಬಂದಾಗ ಲಿಂಗ ಅಳಿಸಿಹೋಗುತ್ತದೆ, ಮೇಲಾಗಿ ನಮ್ಮ ಹೀಲರ್ ಕೂಡ ಹೆಣ್ಣುಮಗಳು.

ಆದ್ದರಿಂದ ಪ್ರತಿ ವಾಕ್ಯವನ್ನೂ ಕೆಲಸದ ಹೆಸರಿನಿಂದಲೇ ಆರಂಭಿಸುವುದೆಂದು ನಿಯಮ ಮಾಡಿಕೊಂಡೆ. ಆಮೇಲೆ ಉಳಿಯುವುದು ಕ್ರಿಯಾಪದದ ರೂಪ. ‘ಟ್ಯಾಂಕ್, ಮುಂದೆ ಹೋಗಿ’ ಎಂದರೆ ಒಬ್ಬನನ್ನೇ ಕರೆದು ಹೇಳಿದಂತಾಗಿ ಉಳಿದ ಒಂಬತ್ತು ಜನರ ಕಣ್ಣು ಆ ಸಾಲನ್ನು ದಾಟಿಬಿಡುತ್ತದೆ, ಆದರೆ ಟ್ಯಾಂಕ್ ಏನು ಮಾಡುತ್ತಾನೆಂದು ಅವರೂ ತಿಳಿದಿರಬೇಕು. ‘ಹೋಗತಕ್ಕದ್ದು’ ಎಂದರೆ ಟೆಂಡರ್ ಪ್ರಕಟಣೆ, ‘ಹೋಗುವುದು’ ಎಂದರೆ ಕಚೇರಿಯ ಸುತ್ತೋಲೆ. ವಿಧ್ಯರ್ಥಕದ ಪ್ರಥಮ ಪುರುಷ ರೂಪ ಇಲ್ಲಿ ಹೇಳಿ ಮಾಡಿಸಿದಂತಿದೆ: ‘ಟ್ಯಾಂಕ್ ಅವಳ ಮೂತಿಯನ್ನು ಗೋಡೆಯತ್ತ ತಿರುಗಿಸಲಿ, ಹೀಲರ್ ಮಗ್ಗುಲಿನಲ್ಲಿ ನಿಲ್ಲಲಿ, ಬಾಣದವರು ಮೂರು ಎಣಿಸುವವರೆಗೆ ಕೈ ಕಟ್ಟಿಕೊಂಡಿರಲಿ.’ ಮಾಡುವವನಿಗೆ ಇದು ಆಜ್ಞೆ, ಉಳಿದವರಿಗೆ ತಿಳಿವಳಿಕೆ. ಆದರೆ ಮಾತಿನಲ್ಲಿ ‘ಹೋಗ್ಲಿ ಬಿಡು’ ಎಂಬ ಬಳಕೆಯ ದೆಸೆಯಿಂದ ‘-ಲಿ’ ರೂಪಕ್ಕೆ ಅನುಮತಿಯ, ಉದಾಸೀನದ ಬಣ್ಣ ಅಂಟಿದೆ. ‘ಹೀಲರ್ ನಿಲ್ಲಲಿ’ ಎಂಬುದನ್ನು ‘ನಿಂತರೆ ನಿಲ್ಲಲಿ’ ಎಂದು ಓದಿದವರು ಇಬ್ಬರಿದ್ದಾರೆ. ಈ ರೂಪವನ್ನು ಗಟ್ಟಿಯಾದ ಆಜ್ಞೆಯಾಗಿ ಇಂದಿನ ಬರಹದಲ್ಲಿ ಉಳಿಸಿಕೊಳ್ಳಲು ಸಾಧ್ಯವೆ, ಅಥವಾ ‘ನಿಲ್ಲಬೇಕು’ ಎಂಬುದಕ್ಕೇ ಮರಳುವುದು ಲೇಸೆ?

ಹೊತ್ತನ್ನು ತಿಳಿಸುವ ಪದಗಳ ಬಗ್ಗೆ ಸಣ್ಣದೊಂದು ಮಾತು. ‘ಹಾರುತ್ತಿದ್ದಂತೆ ಚದುರಿ’ ಎಂದು ಬರೆದಿದ್ದೆ. ‘ಹಾರುತ್ತಿದ್ದಂತೆ’ ಎಂಬುದು ‘ಹಾರಿದ ತಕ್ಷಣ’ ಎಂದೂ ಆಗುತ್ತದೆ, ‘ಹಾರುತ್ತಿರುವಷ್ಟು ಹೊತ್ತೂ’ ಎಂದೂ ಆಗುತ್ತದೆ. ಈಗ ಎಲ್ಲ ಕಡೆ ‘ಶೇ 65 ಆದ ತಕ್ಷಣ’ ಎಂದು ಅಂಕಿಯನ್ನೇ ಬರೆಯುತ್ತಿದ್ದೇನೆ.

ಇನ್ನು ಆಟಗಾರರು ‘ಅಗ್ರೋ’ ಎನ್ನುವ ಪದದ ವಿಷಯ. ಶತ್ರು ಯಾರ ಮೇಲೆ ಏರಿ ಹೋಗಬೇಕೆಂಬುದನ್ನು ಆಟ ಒಳಗೊಳಗೇ ಲೆಕ್ಕ ಇಟ್ಟಿರುತ್ತದೆ. ಏಟು ಕೊಟ್ಟವರ ಲೆಕ್ಕ ಏರುತ್ತದೆ, ಗಾಯ ಮಾಯಿಸಿದವರದ್ದೂ ಏರುತ್ತದೆ. ಹತ್ತಿರ ನಿಂತವರ ಲೆಕ್ಕ ಟ್ಯಾಂಕಿನದಕ್ಕಿಂತ ಶೇ 10ರಷ್ಟು, ದೂರ ನಿಂತವರದ್ದು ಶೇ 30ರಷ್ಟು ಮೀರಿದಾಗ ಶತ್ರು ಟ್ಯಾಂಕನ್ನು ಬಿಟ್ಟು ಅವರ ಕಡೆ ತಿರುಗುತ್ತದೆ. ಇದಕ್ಕೆ ನಾನು ಮೊದಲು ‘ಗಮನ’ ಎಂದು ಬರೆದೆ, ಅದು ತೀರ ಸಪ್ಪೆ. ‘ಹಗೆ’ ಎಂದರೆ ತಲೆತಲಾಂತರದ್ದು, ಇಲ್ಲಿಯದು ಕ್ಷಣದ್ದು. ಹೆಡ್‌ಫೋನಿನಲ್ಲಿ ಹುಡುಗರು ತಾವಾಗಿಯೇ ಕೂಗುತ್ತಿದ್ದ ಮಾತು ಬೇರೆಯಿತ್ತು: ‘ಲೋ, ಮೈಮೇಲೆ ಎಳ್ಕಂಡೆ ಕಣೋ!’ ಅದನ್ನು ಕೇಳಿದಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ‘ಮೈಮೇಲೆ ಎಳೆದುಕೊಳ್ಳು’ ಎಂಬುದರಲ್ಲಿ ಬೇಡದ ಕೇಡನ್ನು ತಾನೇ ತಂದುಕೊಂಡ ತಪ್ಪು ಇದೆ. ‘ಮೈಮೇಲೆ ಹಾಕಿಕೊಳ್ಳು’ ಎಂಬುದರಲ್ಲಿ ಬೇಕೆಂದೇ ಹೊಣೆ ಹೊತ್ತುಕೊಂಡ ಧೈರ್ಯ ಇದೆ. ಟ್ಯಾಂಕ್ ಮೈಮೇಲೆ ಹಾಕಿಕೊಳ್ಳುತ್ತಾನೆ, ಆತುರಗಾರ ಮೈಮೇಲೆ ಎಳೆದುಕೊಳ್ಳುತ್ತಾನೆ. ಇಂಗ್ಲಿಷ್ ಗೈಡುಗಳು ಒಂದೇ ಪದದಲ್ಲಿ ಹೇಳುವುದನ್ನು ನಮ್ಮ ನುಡಿಗಟ್ಟು ಎರಡಾಗಿ ಬಿಡಿಸಿ ಕೊಡುತ್ತದೆ. ಇದಕ್ಕೊಂದು ನಾಮಪದ ಮಾಡಿಕೊಳ್ಳಲು ಮಾತ್ರ ನನಗೆ ತಿಳಿಯುತ್ತಿಲ್ಲ. ‘ಮೈಮೇಲಿನ ಲೆಕ್ಕ’ ಎಂದರೆ ಮೈಮೇಲೆ ಏನೋ ಬರೆದುಕೊಂಡಂತೆ ಕೇಳುತ್ತದೆ.

ಒಮ್ಮೆ ಬಳಸಿದ ಮಂತ್ರವೋ ವರಸೆಯೋ ಮತ್ತೆ ಸಿಗಲು ಕಾಯಬೇಕಾದ ಅವಧಿಗೆ ಅವರು ‘ಕೂಲ್‌ಡೌನ್’ ಎನ್ನುತ್ತಾರೆ. ‘ಕಾಫಿ ಆರಿದೆ’ ಎಂಬಂತೆ ‘ಆರು’ ಧಾತುವನ್ನು ಬಳಸಿ ನೋಡಿದೆ. ‘ಆರು ಸೆಕೆಂಡಿಗೆ ಆರುತ್ತದೆ’ ಎಂಬ ವಾಕ್ಯ ಕಾಗದದ ಮೇಲೆ ಬಂದಾಗಲೇ ಅದನ್ನು ಬಿಟ್ಟೆ. ದೀಪ ಆರುವ ಅರ್ಥವೂ ಅಡ್ಡ ಬರುತ್ತದೆ, ಮಂತ್ರ ಸಿದ್ಧವಾಯಿತೋ ನಂದಿಹೋಯಿತೋ ತಿಳಿಯುವುದಿಲ್ಲ. ಸದ್ಯಕ್ಕೆ ‘ಕಾವು ಇಳಿದಿದೆ’ ಎಂದು ಇಟ್ಟಿದ್ದೇನೆ.

ಶತ್ರುಗಳಲ್ಲಿ ಒಂದನ್ನು ಕೆಲಕಾಲ ಏನೂ ಮಾಡಲಾಗದಂತೆ ಇರಿಸುವುದಕ್ಕೆ ‘ಕಟ್ಟಿಹಾಕು’ ಎಂಬ ಪದವನ್ನು ಎಲ್ಲರೂ ಒಪ್ಪಿದರು. ಗುಡಿಯ ಜಗಲಿಯ ಕಲ್ಲಿನ ಮೇಲೆ ಗೆರೆ ಕೊರೆದು ಆಡುವ ಹುಲಿ-ಕುರಿ ಆಟದಲ್ಲಿ 3 ಹುಲಿಗಳನ್ನು 15 ಕುರಿಗಳು ಅಲುಗಾಡದಂತೆ ಮಾಡುವುದಕ್ಕೂ ಇದೇ ಮಾತು, ಒಂಟಿ ಕುರಿಗೆ ಆಗದ್ದು ಗುಂಪಿಗೆ ಆಗುತ್ತದೆಂಬ ಅರ್ಥವೂ ಅದರೊಳಗೇ ಕುಳಿತಿದೆ. ಮಂತ್ರವಾದಿಯ ಒಂದು ಮಂತ್ರ ಶತ್ರುವನ್ನು ನಿಜವಾಗಿಯೇ ಕುರಿಯನ್ನಾಗಿ ಮಾಡುತ್ತದೆ, ಒಂದೇ ಒಂದು ಏಟು ಬಿದ್ದರೆ ಆ ಮಂತ್ರ ಒಡೆಯುತ್ತದೆ. ಅಲ್ಲಿ ‘ಕುರಿ ಮಾಡಿ’ ಎಂದು ಬರೆಯಲಾಗದು, ನಮ್ಮ ಆಡುಮಾತಿನಲ್ಲಿ ಅದಕ್ಕೆ ಮೋಸಗೊಳಿಸು ಎಂಬ ಅರ್ಥ ಬೇರೂರಿದೆ. ‘ಮಂತ್ರವಾದಿ ಕಟ್ಟಿಹಾಕಿದ್ದನ್ನು ಯಾರೂ ಮುಟ್ಟಬಾರದು’ ಎಂದು ಬರೆದೆ.

ಇಡೀ ಬರಹಕ್ಕೆ ಏನು ಹೆಸರಿಡಬೇಕೆಂಬ ಪ್ರಶ್ನೆಯೂ ಇದೆ. ‘ಗೈಡ್’ ಎಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿಯ ಗೈಡು. ‘ತಂತ್ರ’ದ ಹಿಂದೆಯೇ ಕುತಂತ್ರವೂ ತಂತ್ರಜ್ಞಾನವೂ ಬರುತ್ತವೆ. ‘ವ್ಯೂಹ’ ಎಂಬುದು ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಚೆನ್ನಾಗಿ ಹೇಳುತ್ತದೆ. ಆದರೆ ಆ ಪದ ಕೇಳಿದ ಕೂಡಲೇ ನಮಗೆ ನೆನಪಾಗುವುದು ಅಭಿಮನ್ಯು. ಅವನ ಬೆನ್ನಿಗೆ ನುಗ್ಗಬೇಕಾಗಿದ್ದ ಪಾಂಡವರನ್ನು ಜಯದ್ರಥ ಬಾಗಿಲಲ್ಲೇ ತಡೆದದ್ದು. ಒಬ್ಬರಿಂದೊಬ್ಬರು ಬೇರೆಯಾಗಿ ಸಾಯಬಾರದೆಂದು ಬರೆಯುವ ಪುಟಕ್ಕೆ ಆ ಹೆಸರು ನನಗೆ ಒಗ್ಗಲಿಲ್ಲ. ‘ಕಾಳಗದ ಕೈಪಿಡಿ’ ಎಂದು ಸದ್ಯಕ್ಕೆ ಮೇಲೆ ಬರೆದಿದ್ದೇನೆ.

ತಿದ್ದಿದ ಪುಟವನ್ನು ಹುಡುಗರು ಬರುವ ಶನಿವಾರ ರಾತ್ರಿ ಒಂಬತ್ತಕ್ಕೆ ಓದಿಕೊಂಡು ಮತ್ತೆ ಗುಹೆಗೆ ಇಳಿಯುತ್ತಾರೆ. ‘-ಲಿ’ ರೂಪದ ಬಗ್ಗೆಯೂ ‘ಹಿಮ್ಮೆಟ್ಟು’ ಎಂಬುದರ ಬದಲಿಗೆ ಏನು ಬಳಸಬಹುದೆಂಬ ಬಗ್ಗೆಯೂ ಅದಕ್ಕೆ ಮೊದಲೇ ನಿಮ್ಮ ಅಭಿಪ್ರಾಯ ತಿಳಿದರೆ ಎರಡು ಸಾಲುಗಳನ್ನು ಬದಲಿಸಿಕೊಡಲು ನನಗೆ ಅವಕಾಶವಾಗುತ್ತದೆ. ಪಾವಗಡ, ಮಧುಗಿರಿಯ ಕಡೆಯವರು ಬಳಗದಲ್ಲಿದ್ದರೆ, ಕುರಿ ಕಾಯುವವರು ಮಂದೆಯನ್ನು ದೂರ ಸರಿಸುವಾಗ ಕೂಗುವ ಮಾತು ಯಾವುದೆಂದು ದಯವಿಟ್ಟು ಕೇಳಿ ತಿಳಿಸಬೇಕು.