ಮುತ್ಯಾನ ಸ್ಟೆಬಿಲೈಜರ್

ಮೇ ತಿಂಗಳ ಸಂಜೆ ಆರೂವರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಗಂಗಕ್ಕನ ಚಾದಂಗಡಿ. ಮಧ್ಯಾಹ್ನ 44 ಡಿಗ್ರಿ ಬಿಸಿಲು ಕುಡಿದ ಶಹಾಬಾದ್ ಫರಸಿಯ ಕಟ್ಟೆ ಇನ್ನೂ ರೊಟ್ಟಿ ಹೆಂಚಿನ ಹಾಗಿದೆ. ಟಾವೆಲ್ ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಅದರ ಮೇಲೆ ಕೂತವರು ಮೂವರು: ಕೂಲರ್, ಸ್ಟೆಬಿಲೈಜರ್ ರಿಪೇರಿಯ ಖಾಜಾ ಭಾಯಿ, ಔಷಧ ಅಂಗಡಿಯ ಬಸು, ವೈದ್ಯಕೀಯ ಹುಡುಗರಿಗೆ ಶರೀರಕ್ರಿಯಾಶಾಸ್ತ್ರ ಪಾಠ ಹೇಳುವ ಸಿದ್ರಾಮ ಸರ. ಅಂಗಡಿಗಿರುವ ಒಂದೇ ಕುರ್ಚಿಯಲ್ಲಿ ಎಪ್ಪತ್ನಾಲ್ಕರ ಮಲ್ಲಪ್ಪ ಮುತ್ಯಾ. ಮುತ್ಯಾ ಚಾದ ದುಡ್ಡು ಕೊಟ್ಟದ್ದನ್ನು ಕಂಡವರು ಆ ಗಲ್ಲಿಯಲ್ಲಿ ಯಾರೂ ಇಲ್ಲ.

"ಇವತ್ತ ಹನ್ನೊಂದು ಫೋನ್ ಬಂದಾವ," ಖಾಜಾ ಭಾಯಿ ಶುರು ಮಾಡಿದರು. "ಎಲ್ಲರದೂ ಒಂದೇ ಹಾಡು, ಕೂಲರ್ ತಂಪ ಕೊಡವಲ್ದು ಅಂತ. ಹೋಗಿ ನೋಡಿದ್ರ ಪಂಪ್ ಬರೋಬರಿ, ಪ್ಯಾಡ್ ಬರೋಬರಿ. ಕಿಟಕಿ ಬಂದ್, ಬಾಗಿಲ ಬಂದ್! ತಂಪು ಹೊರಗ ಓಡಿ ಹೋಗ್ತದಂತ ಎಲ್ಲಾ ಮುಚ್ಕೊಂಡು ಕುಂತಾರ. ಹಸಿ ಗಾಳಿ ಒಳಗೇ ಸುತ್ತಿದ್ರ ನೀರು ಆರೂದು ಹೆಂಗ? ಆರಿದ್ರಲ್ಲ ತಂಪು?"

"ಭಾಯಿ, ಇದೇ ಮಾತಿಗಿ ನಾ ಕಾಲೇಜಿನ್ಯಾಗ ಒಂದು ತಾಸು ತಗೋತೀನಿ," ಅಂದರು ಸರ. "ಮನಷ್ಯಾನೂ ಕೂಲರೇ."

"ಹಂಗಾರ ಇದು ಟಾಕಿ," ಎಂದು ಬಸು ತನ್ನ ಹೊಟ್ಟೆ ತಟ್ಟಿಕೊಂಡ.

"ಪ್ಯಾಡೂ ನೀನೇ. ಮೈತುಂಬ 20ರಿಂದ 40 ಲಕ್ಷ ಬೆವರಿನ ಗ್ರಂಥಿ ಅವ. ಸುಮ್ನ ಕುಂತ್ರೂ ದೇಹ ತಾಸಿಗಿ 70-80 ಕಿಲೋಕ್ಯಾಲರಿ ಕಾವು ಹುಟ್ಟಿಸ್ತದ. ಅದಕ್ಕ ಹೊರಗ ಹೋಗೋ ದಾರಿ ಇಲ್ಲಂದ್ರ ತಾಸಿಗಿ ಒಂದು ಡಿಗ್ರಿಗಿಂತ ಜರಾ ಜಾಸ್ತೀನೇ ಏರ್ತದ. ಚರ್ಮ ಇರೂದು 35 ಡಿಗ್ರಿ ಸುತ್ತಮುತ್ತ. ಹೊರಗ 25 ಇದ್ರ ಕಾವು ತಾನೇ ಗಾಳಿಗಿ ಹೋಗ್ತದ. 44 ಇದ್ರ?"

"ಉಲ್ಟಾ ಗಾಳೀನೇ ನಮಗ ಕೊಡ್ತದ."

"ಹೌದಿಲ್ಲೋ? ಆಗ ಉಳಿಯೂದು ಬೆವರೊಂದೇ. ಒಂದು ಲೀಟರ್ ಬೆವರು ಮೈಮ್ಯಾಲ ಆರಿದ್ರ 580 ಕಿಲೋಕ್ಯಾಲರಿ ಹೊತ್ಕೊಂಡು ಹೋಗ್ತದ. ಆರಿದ್ರ ಅಂದೀನಿ, ನೆನಪಿಡು. ತೊಟ್ಟಿಕ್ಕಿ ನೆಲಕ್ಕ ಬಿದ್ದದ್ದು, ಟಾವೆಲ್ಲಿಲೆ ಒರಸಿ ಒಗದದ್ದು ಲೆಕ್ಕಕ್ಕಿಲ್ಲ."

ಕುತ್ತಿಗೆ ಒರೆಸಿಕೊಳ್ಳುತ್ತಿದ್ದ ಬಸುವಿನ ಕೈ ಅಲ್ಲೇ ನಿಂತಿತು. ಒರೆಸಬೇಕೋ ಬಿಡಬೇಕೋ ತಿಳಿಯದೆ ಟಾವೆಲ್ಲನ್ನು ಹೆಗಲಿಗೆ ಹಾಕಿಕೊಂಡ.

"ಅದಕ್ಕೇ ಮಂಗಳೂರಾಗ 33 ಡಿಗ್ರಿಗೇ ಜೀವ ಹೋಗ್ತದ," ಖಾಜಾ ಭಾಯಿ ಮಾತು ಎತ್ತಿಕೊಂಡರು. "ಗಾಳಿ ಪೈಲೇ ಒದ್ದಿ. ಅಲ್ಲಿ ಕೂಲರ್ ಮಾರ್ಲಾಕ ಹೋದ್ರ ನಾ ಉಪಾಸ. ಇನ್ನೊಂದು ಕೇಳ್ತೀನಿ. ಬೋರಿನ ನೀರು ಹಾಕಿ ಹಾಕಿ ಪ್ಯಾಡಿನ್ಯಾಗ ಸುಣ್ಣ ಕಟ್ಟಿ ತೂತೆಲ್ಲಾ ಮುಚ್ತಾವಲ್ಲ, ಮೈಯಾಗೂ ಹಂಗ ಆಗ್ತದೇನು?"

"ಬೆವರುಗುಳ್ಳಿ ಅಂತೀವಲ್ಲ, ಅದೇ. ಸುಣ್ಣ ಇರಂಗಿಲ್ಲ, ಆದ್ರ ಬೆವರಿನ ನಾಳದ ಬಾಯಿ ಮುಚ್ಚಿ ಒಳಗಿನದು ಒಳಗೇ ಸೋರ್ತದ. ನೈಲಾನ್ ಅಂಗಿ ಹಾಕ್ಕೊಂಡು ಮ್ಯಾಲ ಡಬ್ಬಿಗಟ್ಲೆ ಪೌಡರ್ ಬಡ್ಕೊಂಡ್ರ ಇನ್ನೂ ಮುಚ್ತದ."

ಪೌಡರ್ ಮಾರುವ ಬಸು ಈ ಮಾತು ತನಗೆ ಕೇಳಿಸಲಿಲ್ಲವೆಂಬಂತೆ ರಸ್ತೆ ನೋಡಿದ.

ಗಂಗಕ್ಕ ಒಲೆ ಮುಂದಿನಿಂದಲೇ ಕೇಳಿದಳು: "ಸರ, ಬೆಂಗಳೂರಿಂದ ಅಳಿಯ ಬಂದ್ರ ಎರಡೇ ದಿನಕ್ಕ ನೆಲಾ ಹಿಡೀತಾನ. ನಾವು ಬೆಂಕಿ ಮುಂದ ನಿಂತ್ರೂ ಏನೂ ಆಗಂಗಿಲ್ಲ. ಇದ್ಯಾಕ?"

"ಮೈ ಪಳಗ್ಲಾಕ 7ರಿಂದ 14 ದಿನ ಬೇಕು. ಪಳಗಿದ ಮೈ ಲಗೂ ಬೆವರ್ತದ, ಜಾಸ್ತಿ ಬೆವರ್ತದ, ಉಪ್ಪು ಕಮ್ಮಿ ಬಿಡ್ತದ. ಮೂತ್ರಪಿಂಡದ ಮ್ಯಾಲ ಟೊಪಗಿ ಇಟ್ಟಂಗ ಒಂದು ಗ್ರಂಥಿ ಅದ, ಅಲ್ಲಿಂದ ಬರೋ ಆಲ್ಡೋಸ್ಟಿರಾನ್ ಅನ್ನೋ ಹಾರ್ಮೋನು ಉಪ್ಪು ಉಳಸ್ತದ. ಅಳಿಯ ಮೂರನೇ ದಿನಕ್ಕೇ ಬಸ್ ಹತ್ತಿದ್ರ ಪಳಗೂದು ಎಲ್ಲಿಂದ?"

"ಮಗಳಿಗಿ ಹೇಳ್ತೀನಿ, ಮುಂದಿನ ಸಲ ಹದಿನೈದು ದಿನ ಕಟ್ಟಿ ಹಾಕು ಅಂತ."

ಇಲ್ಲಿಂದ ಮಾತು ನೀರಿಗೆ ಬಂತು, ಮತ್ತು ಬಸುವಿನ ತಕರಾರು ಹೊರಬಿತ್ತು. ಕಟ್ಟಡ ಕೆಲಸದವರು ದಿನಕ್ಕೆ ಏಳೆಂಟು ಲೀಟರ್ ಬರೀ ನೀರು ಕುಡಿದು, ತಲೆ ತಿರುಗಿ, ವಾಂತಿ ಮಾಡಿಕೊಂಡು ಅಂಗಡಿಗೆ ಬರುತ್ತಾರೆ. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರದೆ ನೀರಷ್ಟೇ ಸೇರಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದ್ದು ಭಾಳ ಇಳಿದರೆ ಮಿದುಳಿಗೇ ಬಾವು ಬರುತ್ತದೆ.

"ಓಆರ್‌ಎಸ್ ಕೊಡ್ತೀನಿ," ಅಂದ ಬಸು. "ಒಂದು ಲೀಟರಿನ ಪಾಕೀಟು ಒಂದೇ ಗ್ಲಾಸಿಗಿ ಸುರಕೋತಾರ. ಕೇಳಿದ್ರ, ಸ್ಟ್ರಾಂಗ್ ಇದ್ರ ಲಗೂ ಹತ್ತತದ ಅಂತಾರ! ಸಣ್ಣ ಪಾಕೀಟು ಬ್ಯಾರೆ, 200 ಮಿಲಿಗಿ ಅಂತ ಅದರ ಮ್ಯಾಲೇ ಬರದಿರ್ತದ. ಓದ್ಲಾಕ ಏನು ಧಾಡಿ?"

"ಅಷ್ಟು ಗಟ್ಟಿ ಆದ್ರ ಕರುಳೇ ತನ್ನ ನೀರು ಬಿಟ್ಟು ತೆಳು ಮಾಡ್ಲಾಕ ಹೋಗ್ತದ. ಲಾಭದ ಬದಲಿ ಲುಕ್ಸಾನು. ಲೀಟರಿಗಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಇದು ತೂಗಿ ಇಟ್ಟ ಲೆಕ್ಕ. ಪಾಕೀಟು ಸಿಗಲಿಲ್ಲಂದ್ರ ಒಂದು ಲೀಟರ್ ಶುದ್ಧ ನೀರಿಗಿ ಚಾ ಚಮಚದ ಅಳತಿಲೆ ಆರು ಮಟ್ಟ ಚಮಚ ಸಕ್ಕರಿ, ಅರ್ಧ ಮಟ್ಟ ಚಮಚ ಉಪ್ಪು."

"ಉಪ್ಪು ತಿಳೀತು. ಸಕ್ಕರಿ ಯಾಕ, ರುಚಿಗೇನು?" ಖಾಜಾ ಭಾಯಿಗೆ ಯಾವ ಸ್ಕ್ರೂ ಯಾಕಿದೆ ಎಂದು ತಿಳಿಯದೆ ನಿದ್ದೆ ಬರುವುದಿಲ್ಲ.

"ಸಣ್ಣ ಕರುಳಿನ ಗ್ವಾಡ್ಯಾಗ ಒಂದು ಬಾಗಿಲದ, ಸೋಡಿಯಮ್ಮು ಗ್ಲೂಕೋಸು ಇಬ್ಬರೂ ಜೋಡಿಲೆ ಬಂದ್ರ ಮಾತ್ರ ತೆರೀತದ. ಅವು ಒಳಗ ಹೋದ್ರ ನೀರು ಬೆನ್ನು ಹತ್ತತದ."

"ಅಂದ್ರ ಜೋಡಿ ಟಿಕೇಟು, ಸಂಗಡ ಒಂದು ಫ್ರೀ!"

"ಮಜ್ಜಿಗಿಗಿ ಉಪ್ಪು, ಜೋಳದ ಅಂಬಲಿಗಿ ಉಪ್ಪು, ಇದೆಲ್ಲಾ ನಮ್ಮವ್ವಗ ಓದಲಾರದೇ ಗೊತ್ತಿತ್ತು," ಎಂದು ಮುತ್ಯಾ ಇಷ್ಟು ಹೊತ್ತಿಗೆ ಬಾಯಿಬಿಟ್ಟ. ಅಲ್ಲಗಳೆಯುವ ಹಾಗಿರಲಿಲ್ಲ. ಅಂಬಲಿಯ ಹಿಟ್ಟೂ ಕರುಳಿನಲ್ಲಿ ಗ್ಲೂಕೋಸೇ ಆಗುತ್ತದೆ.

"ನೀರು ಸಾಲಲಿಲ್ಲಂದ್ರ ಯಾರು ನೋಡ್ಕೋತಾರ?" ಬಸು ಕೇಳಿದ.

"ರಕ್ತ ಶೇಕಡಾ ಒಂದೆರಡರಷ್ಟು ಗಟ್ಟಿಯಾದ್ರ ಸಾಕು, ಮಿದುಳಿನ ತಳಕ್ಕ ಇರೋ ಹೈಪೊಥಾಲಮಸ್ಸಿಗಿ ಗೊತ್ತಾಗ್ತದ. ಬಾದಾಮಿ ಗಾತ್ರದ್ದು, ನಾಲ್ಕು ಗ್ರಾಂ ತೂಕ. ಅದರ ಹುಕುಮಿಲೆ ಎಡಿಎಚ್ ಅನ್ನೋ ಹಾರ್ಮೋನು ಬಂದು, ನೀರು ಬಿಡಬ್ಯಾಡ ಅಂತ ಮೂತ್ರಪಿಂಡಕ್ಕ ಹೇಳ್ತದ. ಮೂತ್ರಪಿಂಡ ದಿನಕ್ಕ 180 ಲೀಟರ್ ಸೋಸಿ, ಒಂದೂವರೆ ಲೀಟರ್ ಅಷ್ಟೇ ಹೊರಗ ಹಾಕಿ, ಉಳಿದದ್ದು ವಾಪಸ್ ತಗೋತದ."

"180! ನನ್ನ ಹತ್ರ ಇರೋ ದೊಡ್ಡ ಕೂಲರಿನ ಟಾಕೀನೇ 90 ಲೀಟರ್."

"ಹೊರಗ ಬಂದದ್ದರ ಬಣ್ಣ ನೋಡಿದ್ರ ಹಣೇಬರಾ ತಿಳೀತದ. ತೆಳು ನಿಂಬಿ ಶರಬತ್ತಿನಂಗ ಇದ್ರ ಚಿಂತಿಲ್ಲ. ಗಂಗಕ್ಕನ ಡಿಕಾಕ್ಷನ್ನಿನಂಗ ಇದ್ರ ನೀರು ಸಾಲವಲ್ದು ಅಂತ."

"ನನ್ನ ಚಾ ಎಲ್ಲಿ ತಂದು ಸೇರಿಸಿದಿರಿ ಸರ!" ಗಂಗಕ್ಕ ಸೌಟು ಎತ್ತಿದಳು.

ಸರ ಮಾತು ಬದಲಿಸಲು ಚಾದ ಗ್ಲಾಸನ್ನೇ ಎತ್ತಿ ಹಿಡಿದರು. ಬದಲಿಸಿದ್ದೇನೂ ಒಳ್ಳೆಯದಾಗಲಿಲ್ಲ. "ಇದರಾಗ ಸಕ್ಕರಿ ಎಷ್ಟು ಹಾಕ್ತಿ?"

"ಎರಡು ಚಮಚ. ಹತ್ತು ಗ್ರಾಂ ತಿಳೀರಿ."

"ಮನಷ್ಯಾಗ ರಕ್ತ ಐದು ಲೀಟರ್. ಹೊಟ್ಟಿ ಖಾಲಿ ಇದ್ದಾಗ 100 ಮಿಲಿಯಾಗ 100 ಮಿಲಿಗ್ರಾಂ ಒಳಗ ಗ್ಲೂಕೋಸು. ಒಟ್ಟು ಎಷ್ಟಾತು? ಐದು ಗ್ರಾಂ! ಇಡೀ ಮೈಯಾಗಿನ ರಕ್ತಕ್ಕ ಒಂದು ಚಮಚ. ನಿನ್ನ ಹತ್ತು ಗ್ರಾಂ ಸಕ್ಕರಿ ಒಡದ್ರ ಅರ್ಧ ಗ್ಲೂಕೋಸು, ಅರ್ಧ ಫ್ರಕ್ಟೋಸು. ಆ ಅರ್ಧಾನೇ ರಕ್ತದಾಗಿದ್ದಷ್ಟು ಅದ. ಆದ್ರೂ ಛಲೋ ಇದ್ದವರ ಸುಗರ್ ದುಪ್ಪಟ್ಟು ಆಗಂಗಿಲ್ಲ. ಮೇದೋಜೀರಕದಿಂದ ಇನ್ಸುಲಿನ್ ಬರ್ತದ, ಸ್ನಾಯುಗಳ ಬಾಗಿಲ ತೆರಸ್ತದ. ಸ್ನಾಯುವಿನ ಗೋದಾಮಿನ್ಯಾಗ 300-400 ಗ್ರಾಂ, ಯಕೃತ್ತಿನ್ಯಾಗ 100 ಗ್ರಾಂ ಗ್ಲೈಕೋಜನ್, ಅಂದ್ರ ಕೂಡಿಟ್ಟ ಗ್ಲೂಕೋಸು, ಹಿಡಿಸ್ತದ. ರಾತ್ರಿ ಉಪಾಸ ಇದ್ದಾಗ ಗ್ಲುಕಗಾನ್ ಅನ್ನೋ ಹಾರ್ಮೋನು ಬಂದು ಯಕೃತ್ತಿನ ಬೀಗ ತೆರೀತದ. ಸ್ನಾಯು ಮಾತ್ರ ಜಿಪುಣ, ತನ್ನದು ತನಗೇ, ರಕ್ತಕ್ಕ ಒಂದು ಕಾಳೂ ಕೊಡಂಗಿಲ್ಲ."

ಎಲ್ಲರೂ ಒಮ್ಮೆಲೇ ಮುತ್ಯಾನ ಕಡೆ ನೋಡಿದರು. ಮುತ್ಯಾ ಆಕಾಶ ನೋಡಿದ.

ಖಾಜಾ ಭಾಯಿಗೆ ಇದೆಲ್ಲ ಪರಿಚಿತ ವ್ಯವಹಾರವೇ. ಸ್ಟೆಬಿಲೈಜರೂ ಅಷ್ಟೇ ಮಾಡುವುದು: ಬಂದ ವೋಲ್ಟೇಜು ಅಳೆ, ಇರಬೇಕಾದ್ದರ ಜೊತೆ ಹೋಲಿಸು, ಕಮ್ಮಿಯಿದ್ದರೆ ಏರಿಸು, ಜಾಸ್ತಿಯಾದರೆ ಇಳಿಸು. ದೇಹದ ಈ ಸಮತೋಲಕ್ಕೆ ಹೋಮಿಯೋಸ್ಟಾಸಿಸ್ ಎಂದು 1926ರಲ್ಲಿ ಹೆಸರಿಟ್ಟವರು ಅಮೆರಿಕದ ವಾಲ್ಟರ್ ಕ್ಯಾನನ್. ಹಾರ್ಮೋನ್ ಎಂಬ ಮಾತು ಅದಕ್ಕೂ ಹಿಂದಿನದು, 1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ ಬಳಕೆಗೆ ತಂದದ್ದು. ಕ್ಯಾನನ್ 'ಹೋಮೋ' ಎನ್ನದೆ 'ಹೋಮಿಯೋ' ಎಂದದ್ದು ಬೇಕಂತಲೇ. ಮೊದಲನೆಯದಕ್ಕೆ ಅದೇ ಎಂದರ್ಥ, ಎರಡನೆಯದಕ್ಕೆ ಅದರಂಥದ್ದು ಎಂದು. ಸೂಜಿ ಒಂದೇ ಕಡೆ ನಿಂತಿರುವುದಿಲ್ಲ, ಸುತ್ತಮುತ್ತ ಆಡುತ್ತಿರುತ್ತದೆ.

"ಹಂಗಾರ ಥೈರಾಯ್ಡ್ ರಿಪೋರ್ಟು ಉಲ್ಟಾ ಯಾಕ?" ಅಂದ ಬಸು. "ಟಿಎಸ್‌ಎಚ್ ಜಾಸ್ತಿ ಅದ ಅಂದ್ರ, ಥೈರಾಯ್ಡ್ ಜಾಸ್ತಿ ಆಗ್ಯದ ಅಂತ ಮಂದಿ ಗುಳಿಗಿ ಬಿಟ್ಟು ಕೂಡ್ತಾರ."

"ಮಿದುಳಿನ ತಳದಾಗಿನ ಪಿಟ್ಯುಟರಿ ಗ್ರಂಥಿ ಸಾಹೇಬ, ಥೈರಾಯ್ಡ್ ನೌಕರ. ಟಿಎಸ್‌ಎಚ್ ಅಂದ್ರ ಸಾಹೇಬ ಕೂಗೂ ದನಿ. ಕೆಳಗಿನ ನೌಕರ ಕೆಲಸ ಮಾಡಲಿಲ್ಲಂದ್ರ ಸಾಹೇಬ ಜೋರಲೆ ಕೂಗ್ತಾನ. ನೌಕರ ಜಾಸ್ತಿ ಮಾಡಿದ್ರ ಸುಮ್ನಾಗ್ತಾನ."

"ಜಾಸ್ತಿ ಮಾಡೋ ನೌಕರನ್ನ ನಾ ಸರ್ವಿಸಿನ್ಯಾಗ ಕಂಡಿಲ್ಲ," ಅಂದ ಮುತ್ಯಾ.

"ಹತ್ತು ದಿನ ನುಂಗಿದ್ರೂ ಫರಕಿಲ್ಲ ಅಂತಾರಲ್ಲ," ಬಸು ಬಿಡಲಿಲ್ಲ.

"ಆ ಗುಳಿಗ್ಯಾಗಿನ ಥೈರಾಕ್ಸಿನ್ ಹಾರ್ಮೋನು ಮೈಯಾಗ ಅರ್ಧ ಆಗ್ಲಾಕೇ ಏಳು ದಿನ ಬೇಕು. ಮಟ್ಟ ಕೂಡ್ಲಾಕ ಐದು ವಾರ. ಅದಕ್ಕೇ ಮರುಪರೀಕ್ಷಾ 6ರಿಂದ 8 ವಾರಕ್ಕ. ಮುಂಜಾನಿ ಖಾಲಿ ಹೊಟ್ಟಿಲೆ, ಬರೇ ನೀರಿಲೆ ನುಂಗಿ, ಅರ್ಧದಿಂದ ಒಂದು ತಾಸು ಚಾ ಸುದ್ದಾ ಬ್ಯಾಡ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗಿ ಇದ್ರ ನಾಲ್ಕು ತಾಸು ಅಂತರ. ಇಲ್ಲಂದ್ರ ಅವು ಕರುಳಿನ್ಯಾಗೇ ಅದನ್ನ ಹಿಡ್ಕೊಂಡು ಕೂಡ್ತಾವ."

"ಚಾ ಬ್ಯಾಡ ಅನ್ನೂ ಡಾಕ್ಟರಿಗಿ ನಾ ಚಾ ಕೊಡಂಗಿಲ್ಲ," ಗಂಗಕ್ಕ ಹತ್ತಿರ ಬಂದು ನಿಂತಳು. ಸಂಕೋಚದ ಹೆಂಗಸಲ್ಲ. "ಅದಿರ್ಲಿ. ನಲವತ್ತೆಂಟು ಆತು ನನಗ. ರಾತ್ರಿ ಒಮ್ಮಿಂದೊಮ್ಮಿಗೇ ಎದಿ ಮಾರಿ ಎಲ್ಲಾ ಬೆಂಕಿ ಹತ್ತಿದಂಗ ಆಗಿ, ಬೆವತು, ಮ್ಯಾಲ ಥಂಡಿ ಹತ್ತತದ. ಫ್ಯಾನಿನ ಸಲುವಾಗಿ ಮನ್ಯಾಗ ದಿನಾ ಜಗಳ."

"ಮುಟ್ಟು ನಿಲ್ಲೂ ಹೊತ್ತಿಗಿ ಈಸ್ಟ್ರೋಜನ್ ಇಳೀತದ, ಗಂಗಕ್ಕ. ನಡುಗೂದು ಶುರುವಾಗೂ ಮಟ್ಟ ಒಂದು, ಬೆವರೂದು ಶುರುವಾಗೂ ಮಟ್ಟ ಒಂದು, ನಡುವ ಜರಾ ಜಾಗ ಇರ್ತದ. ಈಗ ಆ ಜಾಗ ಭಾಳ ಸಣ್ಣದಾಗ್ಯದ."

"ರಿಲೇ ಗ್ಯಾಪು!" ಖಾಜಾ ಭಾಯಿ ತೊಡೆ ತಟ್ಟಿದರು. "ಗ್ಯಾಪು ಸಣ್ಣದಾದ್ರ ಸ್ಟೆಬಿಲೈಜರ್ ಎರಡು ವೋಲ್ಟಿಗೂ ಟಕ್ ಟಕ್ ಅಂತಿರ್ತದ. ಅಕ್ಕಾ, ನಿಮ್ಮ ಮಷಿನ್ ಕೆಟ್ಟಿಲ್ಲ, ಸೆಟ್ಟಿಂಗ್ ಬಿಗಿ ಆಗ್ಯದ."

ಗಂಗಕ್ಕನ ಮುಖ ನೋಡಿದರೆ ಡಾಕ್ಟರರಿಗಿಂತ ಮೆಕ್ಯಾನಿಕ್ಕನ ಮಾತೇ ಹಿತವಾದಂತಿತ್ತು. ನಿದ್ದೆಗೆಡಿಸುವಷ್ಟಿದ್ದರೆ ಔಷಧ ಇದೆ, ಸ್ತ್ರೀರೋಗ ತಜ್ಞರಿಗೆ ತೋರಿಸು ಎಂದು ಸರ ಸೇರಿಸಿದರು.

ಬಸು ಕೊನೆಯ ಅನುಮಾನ ತೆಗೆದ. ಬಿಸಿಲು ಬಡಿದವರಿಗೂ ಪ್ಯಾರಾಸಿಟಮಾಲ್ ಕೇಳುತ್ತಾರೆ, ಕೊಡಬೇಕೋ ಬೇಡವೋ? ಸರ ಇಲ್ಲಿ ಮಾತ್ರ ನಗಲಿಲ್ಲ.

"ಜ್ವರದಾಗ ಮಿದುಳೇ ಗುಂಡಿ ತಿರುಗಿಸಿ 39ಕ್ಕ ಇಟ್ಟಿರ್ತದ, ಅದಕ್ಕೇ ಮೈ ಸುಡ್ತಿದ್ರೂ ಥಂಡಿ ಅಂತ ಚಾದರ ಹೊದೀತಾರ. ಗುಳಿಗಿ ಆ ಗುಂಡಿ ಕೆಳಗ ತರ್ತದ. ಬಿಸಿಲು ಬಡದಾಗ ಗುಂಡಿ 37ಕ್ಕೇ ಇರ್ತದ, ಕೂಲರೇ ಸೋತಿರ್ತದ. ಗುಳಿಗಿ ಏನ್ ಮಾಡ್ತದ? ಮೈ 40 ದಾಟಿ, ಮಾತು ತಪ್ಪಿತಂದ್ರ 108ಕ್ಕ ಫೋನ್ ಹಚ್ಚು. ಗಾಡಿ ಬರೂತನಕ ನೆರಳಿಗಿ ಎಳದು, ಬಟ್ಟಿ ಸಡಿಲ ಮಾಡಿ, ಮೈಗೆಲ್ಲಾ ನೀರು ಸುರುದು ಗಾಳಿ ಬೀಸು. ಕಂಕುಳು, ತೊಡಿ ಸಂದು, ಕುತ್ತಿಗಿಗಿ ಐಸು. ಎಚ್ಚರಿಲ್ಲದವನ ಬಾಯಾಗ ನೀರು ಹಾಕಬ್ಯಾಡ."

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಮೌನ ಮುತ್ಯಾನಿಗೆ ಸಹಿಸಲಿಲ್ಲ.

"ನಿಮ್ಮ ಲೆಕ್ಕದಾಗ ನಾ ಹರೇದವ ನೋಡ್ರಿ. ಸುಗರ್ 96, ಬಿಪಿ 130. ಎಲ್ಲಾ ನಾರ್ಮಲ್."

"ಮುತ್ಯಾ, ನನ್ನ ಅಂಗಡ್ಯಾಗ ಇಪ್ಪತ್ತು ವರ್ಷದ ಸ್ಟೆಬಿಲೈಜರ್ ಅದ," ಅಂದರು ಖಾಜಾ ಭಾಯಿ. "ಸುಮ್ನ ಇಟ್ರ ಸೂಜಿ 220ರ ಮ್ಯಾಲೇ. ಫ್ರಿಜ್ ಚಾಲೂ ಆತಂದ್ರ 180ಕ್ಕ ಬಿದ್ದು, ಉಸ್ಸಪ್ಪಾ ಅಂತ ಏಳ್ಲಾಕ ಅರ್ಧ ನಿಮಿಷ."

"ಮುಪ್ಪಿನ ಹಿಕಮತ್ತೇ ಅದು," ಸರ ಎದ್ದು ಕೂತರು. "ಕುಂತಾಗ ಎಲ್ಲಾ ಬರೋಬರಿ. ಜಗ್ಗಾಡಿದಾಗ ವಾಪಸ್ ಬರೋ ವೇಗ ಕಮ್ಮಿ. ಊಟ ಆದ ಮ್ಯಾಲ ಸುಗರ್ ಇಳೀಲಾಕ ಹೆಚ್ಚು ಹೊತ್ತು, ಯಾಕಂದ್ರ ಸ್ನಾಯು ಸವದು ಗೋದಾಮೇ ಸಣ್ಣದಾಗಿರ್ತದ. ಮೈಗಿ ನೀರು ಬೇಕಿದ್ರೂ ಲಗೂ ನೀರಡಿಕಿ ಆಗಂಗಿಲ್ಲ. ಅದಕ್ಕೇ ವಯಸ್ಸಾದವರು ನೀರಡಿಕಿ ಕಾಯದೇ ಹೊತ್ತಿಗಿ ಸರಿಯಾಗಿ ಕುಡೀಬೇಕು. ಇನ್ನ ನಿಲ್ಲೂ ವಿಷಯ. ನಾವು ಎದ್ದು ನಿಂತ್ರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೊಟ್ಟಿ ಕಾಲಿಗಿ ಇಳೀತದ. ಕುತ್ತಿಗಿ ರಕ್ತನಾಳದಾಗಿರೋ ಒತ್ತಡದ ಕಾವಲುಗಾರರು ಕೂಡಲೇ ಹೃದಯ ಓಡಸ್ತಾರ, ನಾಳ ಬಿಗೀತಾರ. ವಯಸ್ಸಾದ್ರ ಕಾವಲುಗಾರ ತೂಕಡಸ್ತಾನ. ನಿಂತ ಮೂರು ನಿಮಿಷದಾಗ ಮ್ಯಾಲಿನ ಬಿಪಿ 20 ಇಳೀತಂದ್ರ ಅದನ್ನ ಡಾಕ್ಟರಿಗಿ ಹೇಳಬೇಕು. ಹಾಸಿಗಿಂದ ಏಳಾಗ ಪೈಲೇ ಕುಂತು, ಒಂದೆರಡು ನಿಮಿಷ ಕಾಲು ಇಳಿಬಿಟ್ಟು, ಹಿಮ್ಮಡಿ ನಾಲ್ಕು ಸಲ ಎತ್ತಿ ಇಳಿಸಿ, ಆಮ್ಯಾಲ ಏಳಬೇಕು."

ಗಂಗಕ್ಕ ಗ್ಲಾಸು ಎಣಿಸುತ್ತ ಬಂದಳು. ಆ ಸದ್ದಿಗೆ ಮುತ್ಯಾನ ಕಿವಿ ಯಾವತ್ತೂ ಚುರುಕು. "ಅಪ್ಪನ ಗುಡಿಗಿ ಹೊತ್ತಾತು," ಎನ್ನುತ್ತ ಜಿಗಿದು ಎದ್ದ. ಎರಡು ಹೆಜ್ಜೆ. ಮೂರನೆಯದಕ್ಕೆ ಕಣ್ಣು ಕತ್ತಲೆ ಬಂದು ಜೋಲಿ ಹೊಡೆದ. ಖಾಜಾ ಭಾಯಿ ಒಂದು ರಟ್ಟೆ, ಬಸು ಒಂದು ರಟ್ಟೆ ಹಿಡಿದು ಮತ್ತೆ ಕುರ್ಚಿಯಲ್ಲಿ ಕೂರಿಸಿದರು.

ಗಂಗಕ್ಕ ಎಡಗೈಲಿ ನೀರಿನ ಗ್ಲಾಸು ಕೊಟ್ಟು ಬಲಗೈ ಚಾಚಿದಳು. "ನಾಲ್ಕು ಚಾ. ನಲವತ್ತು ರೂಪಾಯಿ."

ಮುತ್ಯಾ ನೀರು ಕುಡಿದು ಸರನ ಮುಖ ನೋಡಿದ. "ಈಗ ಏಳ್ಲೇನು?"

"ಮೂರು ನಿಮಿಷ ಕೂಡು, ಮುತ್ಯಾ."

ಗಂಗಕ್ಕ ಕೈ ಚಾಚಿಕೊಂಡೇ ನಿಂತಳು.