ಮಳೆಯಲ್ಲಿ ಥಂಡರ್ ಗುರಿ ತಪ್ಪುವುದೇ ಇಲ್ವಾ?

ಮೂಡಿಗೆರೆ ಮಾವ:
ಪೋಕೆಮಾನ್ ಎಮರಾಲ್ಡ್ ಆಡಿದವರು ಯಾರಾದರೂ ಇದ್ದರೆ ನ್ಯಾಯ ಹೇಳಿ. ಗೌರಿ ಹಬ್ಬಕ್ಕೆ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದಾನೆ. ಮೂರು ದಿನದಿಂದ ತೋಟದಲ್ಲಿ ಜಡಿಮಳೆ, ಕರೆಂಟಿಲ್ಲ. ಹಳೇ ಗೇಮ್ ಬಾಯ್ ಅಡ್ವಾನ್ಸ್‌ಗೆ ಎರಡು ಸೆಲ್ ಹಾಕಿದೆ. ಅವನ ಹತ್ತಿರವೂ ಒಂದಿತ್ತು. ಕೇಬಲ್ ಚುಚ್ಚಿ ಕೂತೆವು. ಅವನ ಕೈಯೋಗರ್ ಎಂಬ ಕಾದಾಡುವ ಪೋಕೆಮಾನ್ ಇಳಿದ ಕೂಡಲೇ ಆಟದೊಳಗೂ ಮಳೆ! ಆಮೇಲೆ ಬರೀ ಥಂಡರ್ ಎಂಬ ಸಿಡಿಲಿನ ಪೆಟ್ಟು. ಐದಕ್ಕೆ ಐದೂ ಬಿತ್ತು. ನಾನೊಬ್ಬನೇ ಆಡುವಾಗ ಅದೇ ಥಂಡರ್ ಆಗಾಗ ಗಾಳಿಗೆ ಹೋಗುತ್ತದೆ. ಕೊನೆಗೆ ನನ್ನ ಹಕ್ಕಿ ಸ್ವೆಲೋಗೆ ಫ್ಲೈ ಕೊಟ್ಟು ಆಕಾಶಕ್ಕೆ ಹಾರಿಸಿದೆ. ಅಲ್ಲಿಗೂ ಬಂದು ಬಡಿಯಿತು. "ಸಿಡಿಲು ಅಲ್ವಾ ಮಾವ" ಎಂದು ನಗುತ್ತಾನೆ. ಚೀಟ್ ಕೋಡ್ ಏನಾದರೂ ಹಾಕಿದ್ದಾನಾ?

ಬೇಲೂರು ಬ್ಯಾಟರಿ:
ಪಾಪ, ಹುಡುಗನ ಮೇಲೆ ಅನುಮಾನ ಬೇಡ. ಥಂಡರ್ ತಾಗುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ 70. ಮಳೆಯಲ್ಲಿ ತಪ್ಪುವ ಮಾತೇ ಇಲ್ಲ. ಬಿಸಿಲಿದ್ದರೆ 50ಕ್ಕೆ ಇಳಿಯುತ್ತದೆ. ಫ್ಲೈ ಮಾಡಿ ಮೇಲೆ ಹೋದವರಿಗೂ ತಾಗುತ್ತದೆ. 1999ರ ಪೋಕೆಮಾನ್ ಗೋಲ್ಡ್, ಸಿಲ್ವರ್ ಆಟಗಳಿಂದಲೂ ಹೀಗೇ. ಅದಕ್ಕಿಂತ ಮುಂಚೆ ಆಟದಲ್ಲಿ ಮಳೆ, ಬಿಸಿಲು ಇರಲೇ ಇಲ್ಲ.

ಕೈಯೋಗರ್ ತರುವ ಮಳೆ ಎಮರಾಲ್ಡ್‌ನಲ್ಲಿ ತಾನಾಗಿ ನಿಲ್ಲುವುದಿಲ್ಲ, ನಿಮ್ಮ ಕೊಟ್ಟಿಗೆಹಾರದ ಮಳೆಯ ಹಾಗೆ. 2013ರ ಎಕ್ಸ್, ವೈ ಆಟಗಳು ಬಂದಾಗ ಅದನ್ನು ಐದು ಸರದಿಗೆ ಕಟ್ಟಿಹಾಕಿದರು. ಥಂಡರ್‌ನ ಶಕ್ತಿಯನ್ನೂ 120ರಿಂದ 110 ಮಾಡಿದರು. ಸುಮ್ನೆ ಯಾಕೆ ಬೇಕಿತ್ತೋ.

ಸಕಲೇಶಪುರದ ಸೋಮಾರಿ:
ಆಟದೊಳಗಿನ ರೂಟ್ 119 ದಾರಿಯಲ್ಲಿ ಮಳೆ ಸುರಿಯುತ್ತದಲ್ಲ, ಅಲ್ಲಿ ಕಾಳಗಕ್ಕೂ ಅದೇ ಮಳೆ ಬರುತ್ತದೆ. ಅಲ್ಲಿ ನಿಮ್ಮ ಥಂಡರ್ ಹೊಡೆದು ನೋಡಿ, ಒಂದೂ ತಪ್ಪುವುದಿಲ್ಲ.

ಸೇಡು ತೀರಿಸಬೇಕಾದರೆ ರೇಕ್ವಾಝಾ ಎಂಬ ಪೋಕೆಮಾನ್ ಇಳಿಸಿ ಮಾವ. ಅದು ಎದುರಿಗಿದ್ದರೆ ಮಳೆ ಇದ್ದೂ ಇಲ್ಲದ ಹಾಗೆ, ಥಂಡರ್ ಮತ್ತೆ 70ಕ್ಕೇ ಬಂತು. ಇಲ್ಲ ಸ್ವಾಂಪರ್ಟ್ ಇದೆಯಾ? ನೀರು, ನೆಲ ಎರಡೂ ಜಾತಿ. ನೆಲದವರಿಗೆ ಶಾಕ್ ಹೊಡೆಯುವುದೇ ಇಲ್ಲ. ಆದರೆ ಅವನು ಸರ್ಫ್ ಹೊಡೆದರೆ ಹುಷಾರು, ಮಳೆಯಲ್ಲಿ ನೀರಿನ ಪೆಟ್ಟು ಒಂದೂವರೆ ಪಟ್ಟು.

ಮೂಡಿಗೆರೆ ಮಾವ:
ರೇಕ್ವಾಝಾ ಇನ್ನೂ ಹಿಡಿದಿಲ್ಲ. ಸ್ವಾಂಪರ್ಟ್ ಇಳಿಸಿದೆ. ಥಂಡರ್ ಹೊಡೆದ. ಏನೂ ಆಗಲಿಲ್ಲ! ಅವನ ಮುಖ ನೋಡಬೇಕಿತ್ತು. ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ನನ್ನ ಸೆಲ್ ಮುಗಿಯಿತು. ಟಾರ್ಚಿನ ಸೆಲ್ ಬಿಚ್ಚೋಣ ಎಂದರೆ ಅಮ್ಮ ಕೊಡುತ್ತಿಲ್ಲ.